ಅಡುಗೆಮನೆಗೆ ಹೋಗದ ವಾಚು

ಕಪ್ಪು ರಬ್ಬರಿನ ಆ ಪಟ್ಟಿಯಲ್ಲಿ ಒಂಬತ್ತು ತೂತುಗಳಿದ್ದವು. ಮೂರನೆಯ ತೂತಿನ ಹತ್ತಿರ ಕೊಕ್ಕೆ ಒತ್ತಿ ಒಂದು ಬೆಳ್ಳನೆಯ ಗೆರೆ ಬಿದ್ದಿತ್ತು, ಆರನೆಯದರ ಹತ್ತಿರ ಅಷ್ಟೇ ಆಳದ ಇನ್ನೊಂದು. ಸಂಜೆ ವಾಚನ್ನು ಚಾರ್ಜಿಗೆ ಹಾಕುವವಳು ನಾನೇ ಆದ್ದರಿಂದ ಎರಡನ್ನೂ ದಿನಾ ನೋಡುತ್ತಿದ್ದೆ. ಒಲೆಯ ಮುಂದೆ ನಿಂತರೆ ಸೆಕೆಗೆ ಕೈ ಊದುತ್ತದೆ, ಆಗ ಅಪ್ಪಯ್ಯ ಪಟ್ಟಿ ಸಡಿಲ ಮಾಡಿಕೊಳ್ಳುತ್ತಾರೆ, ಮನೆಗೆ ಬಂದ ಮೇಲೆ ಬಿಗಿ ಮಾಡಿಕೊಳ್ಳುತ್ತಾರೆ ಎಂದು ನನಗೆ ನಾನೇ ವಿವರಣೆ ಕೊಟ್ಟುಕೊಂಡಿದ್ದೆ.

ನಮ್ಮ ಮನೆ ಇರುವುದು ಚೆನ್ನೈಯ ಮಾಧವರಂನಲ್ಲಿ, ಹಾಲಿನ ಡೈರಿಗೆ ಹತ್ತಿರದ ಒಂದು ಕಟ್ಟಡದ ಎರಡನೆಯ ಮಹಡಿಯಲ್ಲಿ. ಅಪ್ಪಯ್ಯ ಕುಂದಾಪುರದ ಕಡೆಯವರು. ಕೋಯಂಬೇಡಿನ ಬಸ್ ನಿಲ್ದಾಣದ ಹತ್ತಿರ ನಮ್ಮೂರ ಕಡೆಯವರೇ ನಡೆಸುವ ಸಸ್ಯಾಹಾರಿ ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷ ದೋಸೆಯ ಕಾವಲಿಯ ಮುಂದೆ ನಿಂತವರು. ಬೆಳಗಿನ ಮೊದಲ ಬಸ್ಸಿಗೆ ಹೋದರೆ ಮಧ್ಯಾಹ್ನ ನಾಲ್ಕಕ್ಕೆ ಬರುತ್ತಿದ್ದರು. ಅವರೂ ಅಮ್ಮನೂ ಆಡುವುದು ಊರಿನ ಮಾತು. ಇಲ್ಲೇ ಹುಟ್ಟಿ ಓದಿದ ನಾನು ಅರ್ಧ ತಮಿಳು, ಅರ್ಧ ಪುಸ್ತಕದ ಕನ್ನಡದಲ್ಲಿ ಉತ್ತರ ಕೊಡುತ್ತೇನೆ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಅಂಬತ್ತೂರಿನ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೇನೆ. ಕಾರ್ಖಾನೆಗಳ ತಕ್ಕಡಿ, ಥರ್ಮಾಮೀಟರ್, ಒತ್ತಡ ಅಳೆಯುವ ಮೀಟರುಗಳು ಸರಿಯಾಗಿ ತೋರಿಸುತ್ತಿವೆಯೇ ಎಂದು ನೋಡಿ ಪ್ರಮಾಣಪತ್ರ ಕೊಡುವುದು ನಮ್ಮ ಕೆಲಸ.

ಕಳೆದ ವರ್ಷ ಬೇಸಿಗೆಯಲ್ಲಿ ಅಪ್ಪಯ್ಯ ಮೆಟ್ಟಿಲು ಹತ್ತುವಾಗ ಮೊದಲ ಮಹಡಿಯ ತಿರುವಿನಲ್ಲಿ ಕುಳಿತುಬಿಟ್ಟರು. ನಾನು ಇಳಿದು ಹೋದಾಗ ಗೋಡೆಗೆ ತಲೆ ಆನಿಸಿ, ಏನೂ ಆಗದವರಂತೆ ಚಪ್ಪಲಿಯ ಉಂಗುಟ ಸರಿಮಾಡಿಕೊಳ್ಳುತ್ತಿದ್ದರು. ಬೀದಿಯ ಕೊನೆಯ ಕ್ಲಿನಿಕ್ಕಿನ ವೈದ್ಯರು ಬಿ.ಪಿ. ನೋಡಿ ಮಾತ್ರೆ ಬರೆದರು. ಹೃದಯದ ಪರೀಕ್ಷೆಗಳನ್ನು ದೊಡ್ಡ ಆಸ್ಪತ್ರೆಯಲ್ಲಿ ಮಾಡಿಸಿಬಿಡಿ, ತಡ ಮಾಡಬೇಡಿ ಎಂದರು. ಆ ವಾರ ಹೋಟೆಲಿನಲ್ಲಿ ಇನ್ನೊಬ್ಬ ಅಡುಗೆಯವರು ರಜೆಯಲ್ಲಿದ್ದರು. ಮುಂದಿನ ವಾರ ಮದುವೆಯೊಂದಕ್ಕೆ ಅಡುಗೆ ಒಪ್ಪಿಕೊಂಡಾಗಿತ್ತು. ಅದರ ಮುಂದಿನ ವಾರ ಯಾರೂ ಆ ಮಾತು ತೆಗೆಯಲಿಲ್ಲ, ಅಮ್ಮನನ್ನು ಬಿಟ್ಟು.

ಆಗ ನಾನು ವಾಚು ಕೊಳ್ಳುವುದೆಂದು ತೀರ್ಮಾನಿಸಿದೆ.

ನಾನು ಏನನ್ನೂ ಹಾಗೆಯೇ ಕೊಳ್ಳುವವಳಲ್ಲ. ಹನ್ನೊಂದು ವಾಚುಗಳ ಪಟ್ಟಿ ಮಾಡಿದೆ. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ನೀರು ಮತ್ತು ಹಬೆ ತಡೆಯುತ್ತದೆಯೇ, ಗಾಜಿಗೆ ಗೀರು ಬೀಳುತ್ತದೆಯೇ, ಪಟ್ಟಿ ಹರಿದರೆ ಬೇರೆ ಸಿಗುತ್ತದೆಯೇ, ಕಂಪನಿ ಎಷ್ಟು ವರ್ಷ ಅದರ ಒಳಗಿನ ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ ಎಂದು ಒಂದೊಂದಕ್ಕೂ ಒಂದು ಸಾಲು. ಕೊಂಡವರು ಬರೆದದ್ದನ್ನು ಓದಿದೆ. ಎರಡು ತಿಂಗಳಿಗೇ ಕೆಟ್ಟಿತು ಎಂದವರೂ ಇದ್ದರು, ನಾಲ್ಕು ವರ್ಷವಾಯಿತು ಏನೂ ಆಗಿಲ್ಲ ಎಂದವರೂ ಇದ್ದರು. ಕೊನೆಗೆ ಸ್ವಂತ ಸಿಮ್ ಇರುವ ಒಂದನ್ನು ಆರಿಸಿದೆ. ಅಪ್ಪಯ್ಯನ ಫೋನು ಹತ್ತಿರ ಇಲ್ಲದಿದ್ದರೂ ಅದು ನಾಡಿಯ ಲೆಕ್ಕವನ್ನು ನೇರವಾಗಿ ನನ್ನ ಫೋನಿಗೆ ಕಳಿಸುತ್ತಿತ್ತು. ಬೇಕೆಂದಾಗ ಅದರಿಂದಲೇ ಕರೆ ಮಾಡಬಹುದಿತ್ತು.

ಅಂಗಡಿಗೆ ಅಪ್ಪಯ್ಯನನ್ನೂ ಕರೆದುಕೊಂಡು ಹೋಗಿದ್ದೆ. ಅವರು ವಾಚನ್ನು ಅಂಗೈ ಮೇಲಿಟ್ಟು ತೂಗಿ ನೋಡಿದರು.

"ಇದ್ ಎಷ್ಟ್ ವರ್ಷ ಬತ್ತ್?"

ಅಂಗಡಿಯವನು ನನ್ನ ಮುಖ ನೋಡಿದ. ನಾನು ತಮಿಳಿನಲ್ಲಿ ಕೇಳಿದೆ. ಮೂರು ವರ್ಷಕ್ಕೆ ಮೋಸವಿಲ್ಲ, ಅಷ್ಟರಲ್ಲಿ ನೀವೇ ಹೊಸದು ಕೇಳುತ್ತೀರಿ ಎಂದ.

"ನಮ್ಮ್ ಗ್ರೈಂಡರಿನ ಕಲ್ಲಿಗ್ ಹತ್ತೊಂಬತ್ ವರ್ಷ ಆಯ್ತ್" ಎಂದರು ಅಪ್ಪಯ್ಯ. "ಅದ್ ದಿನಾ ಉದ್ದು ಅರೀತ್. ಇದ್ ಎಂತ ಮಾಡುತ್?"

"ನಿಮ್ಮ ಎದೆಬಡಿತ ಎಣಿಸುತ್ತದೆ."

"ಎಣ್ಸಿ?"

"ನನಗೆ ಹೇಳುತ್ತದೆ."

"ನಿನ್ನ್ ಅಮ್ಮ ಬ್ಯಾಟ್ರಿ ಇಲ್ದೇ ಆ ಕೆಲ್ಸ ಮಾಡ್ತಳಲೆ" ಎಂದು ನಕ್ಕರು. ಆದರೂ ಕೈ ಮುಂದೆ ನೀಡಿದರು.

ಇಲ್ಲಿ ಒಂದು ವಿಷಯ ಹೇಳಬೇಕು. ಆ ಹೋಟೆಲಿನ ಅಡುಗೆಮನೆಯಲ್ಲಿ ಕೈಗೆ ಏನನ್ನೂ ಹಾಕುವಂತಿಲ್ಲ. ಉಂಗುರ, ಕಡಗ, ವಾಚು, ದೇವಸ್ಥಾನದ ದಾರ, ಯಾವುದೂ ಒಳಗೆ ಬರಬಾರದು. ಹಿಟ್ಟಿನಲ್ಲಿ ಮೊಣಕೈವರೆಗೆ ಕೈ ಹಾಕುವವರಿಗೆ ಅದು ಹಳೆಯ ಯಜಮಾನರ ಕಾಲದಿಂದ ಬಂದ ನಿಯಮ, ಮತ್ತು ಅದನ್ನು ಎಲ್ಲರಿಗಿಂತ ಬಿಗಿಯಾಗಿ ಪಾಲಿಸುತ್ತಿದ್ದವರು ಅಪ್ಪಯ್ಯನೇ. ನಾನು ಶಾಲೆಯಲ್ಲಿದ್ದಾಗ ಒಮ್ಮೆ ಹೋಟೆಲಿಗೆ ಹೋಗಿದ್ದೆ. ಹೊಸದಾಗಿ ಸೇರಿದ ಅಡುಗೆಯವರೊಬ್ಬರ ಕೈಯ ಕೆಂಪು ದಾರವನ್ನು ಅಪ್ಪಯ್ಯ ಎಲ್ಲರ ಎದುರಿಗೇ ಕತ್ತರಿಸಿ ಹಾಕಿದ್ದನ್ನು ಕಣ್ಣಾರೆ ಕಂಡಿದ್ದೆ. ಆದ್ದರಿಂದ ವಾಚು ಕೊಳ್ಳುವ ಮೊದಲು ಕೇಳಿಯೂ ಕೇಳಿದ್ದೆ.

"ಅದೆಲ್ಲ ಈಗ ಯಾರ್ ಕಾಣ್ತ್ರ್" ಎಂದಿದ್ದರು.

ಆ ಉತ್ತರ ನನಗೆ ಅನುಕೂಲವಾಗಿತ್ತು, ನಂಬಿದೆ.

ಮೊದಲ ದಿನ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ನನ್ನ ಫೋನಿನಲ್ಲಿ ಏನೂ ಬರಲಿಲ್ಲ. ನಾಡಿ ಇರಬೇಕಾದ ಜಾಗದಲ್ಲಿ ಎರಡು ಅಡ್ಡಗೆರೆಗಳಿದ್ದವು. ನಾನು ಹೋಟೆಲಿಗೆ ಮೂರು ಸಲ ಫೋನು ಮಾಡಿದೆ. ಮೂರನೆಯ ಸಲ ಗಲ್ಲಾದಲ್ಲಿ ಕುಳಿತವರು, "ಮಗಳೇ, ನಿಮ್ಮ ಅಪ್ಪ ಚೆನ್ನಾಗಿದ್ದಾರೆ, ಇಲ್ಲಿ ದೋಸೆ ಕಾದು ಜನ ನಿಂತಿದ್ದಾರೆ" ಎಂದು ಇಟ್ಟುಬಿಟ್ಟರು. ಸಂಜೆ ಅಪ್ಪಯ್ಯ, ಹಬೆ ಬಡಿಯಬಾರದೆಂದು ಸ್ವಲ್ಪ ಹೊತ್ತು ತೆಗೆದಿಟ್ಟಿದ್ದೆ, ನಾಳೆಯಿಂದ ತೆಗೆಯುವುದಿಲ್ಲ ಎಂದರು. ಮರುದಿನದಿಂದ ಸಂಖ್ಯೆಗಳು ಬರತೊಡಗಿದವು.

ಐದು ತಿಂಗಳು ಬಂದವು. ಕೆಲಸದ ಹೊತ್ತಿನಲ್ಲಿ ಎಪ್ಪತ್ತೆಂಟು, ಎಂಬತ್ತೆರಡು, ಎಂಬತ್ತು. ಪ್ರಯೋಗಾಲಯದಲ್ಲಿ ತೂಕದ ಕೋಣೆಗೆ ಫೋನು ಒಯ್ಯುವಂತಿಲ್ಲ. ಟೀ ಹೊತ್ತಿಗೆ ಹೊರಗೆ ಬಂದು ಮೊದಲು ಅದನ್ನೇ ನೋಡುತ್ತಿದ್ದೆ. ನಡೆದ ಹೆಜ್ಜೆಗಳೂ ಬರುತ್ತಿದ್ದವು, ಮಧ್ಯಾಹ್ನದೊಳಗೆ ಒಂಬತ್ತು ಸಾವಿರ, ಹತ್ತು ಸಾವಿರ. ಪಕ್ಕದ ಮೇಜಿನ ಗೆಳತಿ ತನ್ನ ಮಾವನಿಗೆ ಒಂದು ಕೊಳ್ಳಬೇಕೆಂದಿದ್ದಳು. "ವಾಂಗಲಾಮಾ, ವೇಂಡಾಮಾ?" ಎಂದು ಕೇಳಿದಾಗ ಕೊಳ್ಳಬಹುದು ಎಂದು ಹೇಳಿ ನನ್ನ ಪಟ್ಟಿಯನ್ನು ಕಳಿಸಿಕೊಟ್ಟೆ. ಅಪ್ಪಯ್ಯನ ಹೆಜ್ಜೆಗಳನ್ನೂ ತೋರಿಸಿದೆ. ಅವಳ ಮಾವ ದಿನಕ್ಕೆ ಎರಡು ಸಾವಿರವೂ ನಡೆಯುವುದಿಲ್ಲವಂತೆ.

ಕಾವಲಿಯ ಮುಂದೆ ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದೇ ಕಡೆ ನಿಂತಿರುವ ಮನುಷ್ಯ ಹತ್ತು ಸಾವಿರ ಹೆಜ್ಜೆ ಎಲ್ಲಿ ನಡೆದಾನು ಎಂಬ ಪ್ರಶ್ನೆ ನನಗೆ ಬರಲಿಲ್ಲ. ನಮ್ಮ ಪ್ರಯೋಗಾಲಯದ ಫಾರಮಿನಲ್ಲಿ ಮೊದಲ ಕಾಲಮು ಅಳತೆಗೆ ಬಂದ ವಸ್ತು ಯಾವುದು ಎಂಬುದು. ಅದನ್ನು ಕಣ್ಣಿನಿಂದ ನೋಡಿ, ಮೇಲಿನ ಸಂಖ್ಯೆ ಓದಿ ತುಂಬಿಸದೆ ಮುಂದಿನ ಕಾಲಮಿಗೆ ಹೋಗುವಂತಿಲ್ಲ.

ಆ್ಯಪಿನಲ್ಲಿ ಸಂಜೆಯ ನಾಡಿಯ ಗೆರೆ ಬೇರೆ ರೀತಿ ಇರುತ್ತಿತ್ತು. ನಾಲ್ಕು ಗಂಟೆಗೆ ಮೆಟ್ಟಿಲು ಹತ್ತುವಾಗ ನೂರ ಮೂವತ್ತು ದಾಟುತ್ತಿತ್ತು. ಕುಳಿತ ಮೇಲೂ ಇಳಿಯಲು ಬಹಳ ಹೊತ್ತು ತೆಗೆದುಕೊಳ್ಳುತ್ತಿತ್ತು. ನಾನು ಎರಡು ತಿಂಗಳ ಗೆರೆಗಳನ್ನು ಪಕ್ಕಪಕ್ಕ ಇಟ್ಟು ಒಂದು ತೀರ್ಮಾನಕ್ಕೆ ಬಂದೆ. ಕೆಲಸದಲ್ಲಿರುವಾಗ ಅಪ್ಪಯ್ಯ ಶಾಂತವಾಗಿದ್ದಾರೆ, ಮನೆಗೆ ಬಂದರೆ ಕಳವಳಗೊಳ್ಳುತ್ತಾರೆ. ಹೀಗಿರುವಾಗ ಕೆಲಸ ಬಿಡಿಸುವುದು ತಪ್ಪು.

ಇದನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆ ಆಗುತ್ತಿತ್ತು. ಆದರೆ ಒಂದು ಸಂಜೆ ಅಪ್ಪಯ್ಯನೇ ಮಾತು ತೆಗೆದರು. ಆಯುಧಪೂಜೆ ಮುಗಿದ ಮೇಲೆ ಕೆಲಸ ಬಿಡುವ ಯೋಚನೆ ಇದೆ ಎಂದರು. ಅಮ್ಮನ ಮುಖ ಅರಳಿತು. ನಾನು ಫೋನು ತಂದು ಅವರ ಮುಂದೆ ಹಿಡಿದೆ.

"ನೋಡಿ, ಇದು ಹೋಟೆಲಿನಲ್ಲಿರುವಾಗಿನದು, ಎಷ್ಟು ಸಮ ಇದೆ. ಇದು ಮನೆಯದು. ಕೆಲಸ ನಿಮಗೆ ಒಳ್ಳೆಯದೇ ಮಾಡುತ್ತಿದೆ ಅಪ್ಪಯ್ಯ. ಬಿಟ್ಟರೆ ಇಡೀ ದಿನ ಹೀಗಾಗುತ್ತದೆ."

ಅವರು ಪರದೆಯನ್ನು ಬಹಳ ಹೊತ್ತು ನೋಡಿದರು. ಸಮವಾದ ಗೆರೆಯ ಮೇಲೆ ಹೆಬ್ಬೆರಳು ಇಟ್ಟು ಸರಿಸಲು ನೋಡಿದರು, ಅದು ಸರಿದು ಹಿಂದಿನ ದಿನದ ಗೆರೆ ಬಂತು, ಅದೂ ಹಾಗೇ ಇತ್ತು.

"ಹೌದಾ" ಎಂದರು.

ಅಷ್ಟೇ. ಅದು ಯಾರ ಗೆರೆ ಎಂದು ಅವರಿಗೆ ಗೊತ್ತಿತ್ತು. ಆ ಕ್ಷಣದಲ್ಲಿ ಹೇಳಿದ್ದರೆ ಅಷ್ಟು ತಿಂಗಳ ಸುಳ್ಳನ್ನು ಒಪ್ಪಿಕೊಳ್ಳಬೇಕಾಗುತ್ತಿತ್ತು. ಅಥವಾ ಕೆಲಸ ಬಿಡುವ ಮನಸ್ಸು ಅವರಿಗೂ ನಿಜವಾಗಿ ಇರಲಿಲ್ಲವೇನೋ, ನನ್ನ ಮಾತು ಅವರಿಗೂ ಅನುಕೂಲವಾಯಿತೇನೋ. ಈಗ ಕೇಳುವಂತಿಲ್ಲ.

"ಒಂದ್ಸಲ ಡಾಕ್ಟ್ರಿಗ್ ತೋರ್ಸಿ ಅಂದ್ರೆ ಅಪ್ಪ ಮಗಳ್ ಇಬ್ರೂ ಆ ಫೋನ್ ಕಾಂತ್ರಿ" ಎಂದು ಅಮ್ಮ ಎದ್ದು ಒಳಗೆ ಹೋದಳು.

ಅದಾಗಿ ಹೆಚ್ಚು ದಿನವಾಗಿರಲಿಲ್ಲ. ಒಂದು ಮಂಗಳವಾರ ಅಪ್ಪಯ್ಯ ಎಂದಿಗಿಂತ ಮೊದಲೇ ಮನೆಗೆ ಬಂದರು. ನನಗೆ ಅಂದು ರಜೆ ಇತ್ತು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು, ತುಟಿ ಬಿಳಿಚಿಕೊಂಡಿತ್ತು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಎದೆಯ ನಡುವೆ ಉರಿ ಬಂತು, ಬೆವರು ಸುರಿಯಿತು, ಅರ್ಧ ಗಂಟೆ ಹಿಟ್ಟಿನ ಕೋಣೆಯ ಗೋಣಿಚೀಲದ ಮೇಲೆ ಕುಳಿತಿದ್ದೆ ಎಂದರು. ಅಮ್ಮ ಬಾವಿಕಟ್ಟೆಗೆ ಬಟ್ಟೆ ಒಗೆಯಲು ಕೆಳಗೆ ಹೋಗಿದ್ದಳು. ಈ ಮಾತು ಕೇಳಿದವಳು ನಾನೊಬ್ಬಳೇ.

ನಾನು ಫೋನು ತೆರೆದೆ. ಹನ್ನೊಂದು ಗಂಟೆಗೆ ಎಂಬತ್ತೆರಡು. ಹನ್ನೊಂದೂವರೆಗೆ ಎಂಬತ್ತನಾಲ್ಕು, ನಡಿಗೆ. ಕುಳಿತೇ ಇದ್ದೆ ಎಂದವರು ನಡೆಯುತ್ತಿದ್ದರು.

"ಏನೂ ಆಗಿಲ್ಲ ಅಪ್ಪಯ್ಯ. ಹೃದಯದ್ದಾಗಿದ್ದರೆ ಇಲ್ಲಿ ಗೊತ್ತಾಗುತ್ತಿತ್ತು. ಗ್ಯಾಸು. ಬೆಳಿಗ್ಗೆಯಿಂದ ಏನು ತಿಂದಿದ್ದೀರಿ?"

"ಆಯ್ಕ್" ಎಂದರು. ಆಗಿರಬಹುದು ಎಂದು.

ಅಮ್ಮ ಬಂದಾಗ ಹೊಟ್ಟೆ ಸರಿ ಇಲ್ಲವಂತೆ ಎಂದೆ. ಅವಳು ಜೀರಿಗೆ ಕಷಾಯ ಮಾಡಿಕೊಟ್ಟಳು. ಅವರು ಎರಡು ದಿನ ಮನೆಯಲ್ಲಿದ್ದು ಮೂರನೆಯ ದಿನ ಕೆಲಸಕ್ಕೆ ಹೋದರು.

ಮೂರು ವಾರದ ಮೇಲೆ, ಟೀ ಹೊತ್ತಿಗೆ ತೂಕದ ಕೋಣೆಯಿಂದ ಹೊರಬಂದು ನಾನು ಎಂದಿನಂತೆ ಫೋನು ತೆಗೆದು ನೋಡಿದೆ. ಎಂಬತ್ತಾರು, ನಡಿಗೆ. ಅದನ್ನು ನೋಡುತ್ತಿರುವಾಗಲೇ ಕರೆ ಬಂತು. ಪರದೆಯ ಮೇಲೆ ಅಪ್ಪಯ್ಯ ಎಂದಿತ್ತು. ವಾಚಿನಿಂದ ಬಂದ ಕರೆ. ಅವರು ಅದರಿಂದ ಒಮ್ಮೆಯೂ ಮಾತಾಡಿದವರಲ್ಲ.

"ಹೇಳಿ ಅಪ್ಪಯ್ಯ."

"ಮಗಾ, ನಾನ್" ಎಂದಿತು ಬೇರೆ ಧ್ವನಿ. ಹೋಟೆಲಿನಲ್ಲಿ ಮೇಜುಗಳ ನಡುವೆ ತಿಂಡಿ ಕೊಡುವ ಹಿರಿಯ ಸಪ್ಲೈಯರ್ ಅವರು. ಅಪ್ಪಯ್ಯನ ಊರಿನವರೇ, ಅಪ್ಪಯ್ಯ ಸೇರಿದ ವರ್ಷವೇ ಸೇರಿದವರು. ಮದುವೆಯಾಗದ ಅವರು ಹಬ್ಬಕ್ಕೆಲ್ಲ ನಮ್ಮ ಮನೆಗೇ ಬರುತ್ತಿದ್ದರು. ನಾನು ಮಾಮ ಎನ್ನುತ್ತೇನೆ. "ಅಣ್ಣಯ್ಯ ಬಿದ್ರ್. ಕಾವ್ಲಿ ಎದುರಿಗೇ ಬಿದ್ರ್. ಆಂಬುಲೆನ್ಸಿಗ್ ಹೇಳಿತ್. ನೀ ಬಾ."

"ಇಲ್ಲ ಮಾಮ, ಈಗ ತಾನೇ ನೋಡಿದೆ. ಎಂಬತ್ತಾರಿದೆ. ನಡೆಯುತ್ತಿದ್ದಾರೆ."

ಅವರ ಹಿಂದೆ ಪಾತ್ರೆಗಳ ಸದ್ದು, ಯಾರೋ ನೀರು ನೀರು ಎನ್ನುತ್ತಿದ್ದದ್ದು ಕೇಳಿಸಿತು.

"ವಾಚ್ ನನ್ನ್ ಕೈಯಗೆ ಇತ್ತ್ ಮಗಾ" ಎಂದರು. "ದಿನಾ ನನ್ನ್ ಕೈಯಗೇ ಇರ್ತಿತ್ತ್. ಒಳಗ್ ಕಟ್ಟುಕಿಲ್ಲ ಅಲ್ದಾ. ಬಿಚ್ಚಿಟ್ರೆ ನೀ ಗಾಬರಿ ಆತೆ ಅಂದೇಳಿ ಅಣ್ಣಯ್ಯನೇ ನನಗ್ ಕೊಡ್ತಿದ್ರ್."

ಕರೆಯ ಹಿಂದೆ ಆ್ಯಪ್ ತೆರೆದೇ ಇತ್ತು. ಅವರು ಮಾತಾಡುತ್ತಿರುವಂತೆ ಸಂಖ್ಯೆ ಏರುತ್ತಿತ್ತು. ತೊಂಬತ್ತೆಂಟು, ನೂರ ಏಳು, ನೂರ ಇಪ್ಪತ್ತೊಂದು. ಐದು ತಿಂಗಳು ನಾನು ನೋಡಿಕೊಂಡು ಬಂದದ್ದು ಈ ಹೃದಯವನ್ನು.

ಅಂಬತ್ತೂರಿನಿಂದ ಆಸ್ಪತ್ರೆಗೆ ಆಟೋದಲ್ಲಿ ಹೋದೆ. ದಾರಿಯಲ್ಲಿ ಎರಡು ಸಲ ಆ್ಯಪ್ ತೆರೆದೆ. ಅಭ್ಯಾಸವಾಗಿತ್ತು. ಎರಡನೆಯ ಸಲ ಮುಚ್ಚಿ ಚೀಲದೊಳಗೆ ಹಾಕಿದೆ.

ತುರ್ತು ಚಿಕಿತ್ಸೆಯ ವೈದ್ಯೆ ನನಗಿಂತ ಹೆಚ್ಚೆಂದರೆ ಐದು ವರ್ಷ ದೊಡ್ಡವರು. ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದೇವೆ, ಆದರೆ ಹೃದಯ ಬಹಳ ಸೋತಿದೆ ಎಂದರು. ಇಸಿಜಿಯ ಉದ್ದದ ಕಾಗದವನ್ನು ಮೇಜಿನ ಮೇಲೆ ಹರಡಿ ಒಂದು ಕಡೆ ಪೆನ್ನಿನಿಂದ ತೋರಿಸಿದರು. "ಇದು ಇವತ್ತಿನದಲ್ಲ. ಮೊದಲೊಮ್ಮೆ ಆಗಿದೆ. ಕೆಲವು ವಾರದ ಹಿಂದೆ ಇರಬಹುದು. ಎದೆನೋವು, ಬೆವರು ಏನಾದರೂ ಹೇಳಿದ್ದರಾ?"

ಅಷ್ಟರಲ್ಲಿ ಅಮ್ಮನೂ ಬಂದು ನನ್ನ ಪಕ್ಕದಲ್ಲೇ ಇದ್ದಳು, ಫೋನಿನಲ್ಲಿ ಮಾಮ ಹೇಳಿದ್ದನ್ನು ಅವಳಿಗೆ ಹೇಳಿದ್ದೆ. ಅವಳಿಗೆ ವೈದ್ಯೆಯ ತಮಿಳು ಅರ್ಥವಾಗುತ್ತಿತ್ತು.

"ಮನೆಯಲ್ಲಿ ಏನೂ ಹೇಳ್ಲಿಲ್ಲ" ಎಂದಳು ಅಮ್ಮ.

ನಾನು ವಾಚಿನ ವಿಷಯ ಕೇಳಿದೆ, ಬೇರೆಯವರ ವಿಷಯ ಎಂಬಂತೆ. ಅದು ಅವರ ಕೈಯಲ್ಲೇ ಇದ್ದಿದ್ದರೆ ಗೊತ್ತಾಗುತ್ತಿತ್ತೇ? ಖಂಡಿತ ಹೇಳಲಾಗದು ಎಂದರು ವೈದ್ಯೆ. ನಾಡಿ ಸರಿಯಾಗಿರುವಾಗಲೂ ಹೃದಯಾಘಾತ ಆಗುತ್ತದೆ, ಇವು ಅದನ್ನು ಹಿಡಿಯಲು ಮಾಡಿದವಲ್ಲ, ಎದೆ ಉರಿಯುತ್ತಿದೆ ಎಂದು ರೋಗಿ ಹೇಳಿದರೆ ನಾವು ರೋಗಿಯ ಮಾತನ್ನೇ ನಂಬುತ್ತೇವೆ ಎಂದರು. ನನ್ನ ಹನ್ನೊಂದು ವಾಚುಗಳ ಪಟ್ಟಿಯಲ್ಲಿ ಇದಕ್ಕೊಂದು ಸಾಲು ಇರಲಿಲ್ಲ.

ಹೊರಗೆ ಪಡಸಾಲೆಯ ಕುರ್ಚಿಯಲ್ಲಿ ಮಾಮ ಕುಳಿತಿದ್ದರು, ಹೋಟೆಲಿನ ನೀಲಿ ಅಂಗಿಯಲ್ಲೇ. ಆಂಬುಲೆನ್ಸಿನಲ್ಲಿ ಅಪ್ಪಯ್ಯನ ಜೊತೆ ಬಂದವರು ಅವರೇ. ನಮ್ಮನ್ನು ಕಂಡು ಎದ್ದು ನಿಂತು ವಾಚು ಬಿಚ್ಚತೊಡಗಿದರು. ಕೊಕ್ಕೆ ಬೇಗ ಕಳಚಲಿಲ್ಲ. ಆರನೆಯ ತೂತಿನಿಂದ ಕೊನೆಗೂ ಬಿಡಿಸಿ ಅಮ್ಮನ ಮುಂದೆ ಹಿಡಿದರು.

ಅಮ್ಮ ಅದನ್ನು ಮುಟ್ಟಲಿಲ್ಲ.

"ಇಪ್ಪತ್ತೆರಡ್ ವರ್ಷ ಒಟ್ಟಿಗ್ ಉಂಡ್ರಿ" ಎಂದಳು. ಧ್ವನಿ ಏರಿಸಲಿಲ್ಲ. "ನನ್ ಮನೆಯಗೂ ಉಂಡ್ರಿ. ಒಂದ್ ಮಾತ್ ನಂಗ್ ಹೇಳುಕ್ ಆಯ್ಲಿಲ್ಯಾ?"

"ಅತ್ತಿಗೆ, ಅಣ್ಣಯ್ಯ ಬ್ಯಾಡ ಅಂದಿದ್ರ್..."

"ನಿಮ್ಮ್ ಗಟ್ಟಿ ಎದೆ ತೋರ್ಸಿ ನನ್ ಮಗಳಿಗ್ ಮೋಸ ಮಾಡಿದ್ರಿ. ಅವ್ಳ್ ಅದನ್ ನಂಬ್ಕಂಡ್ ಕೂಕಂಡ್ಳ್. ಇನ್ನ್ ನನ್ ಕಣ್ಣೆದುರಿಗ್ ಬರ್ಬೇಡಿ."

ಅವರು ನನ್ನ ಕಡೆ ನೋಡಿದರು. ಆ ಮಂಗಳವಾರ ಅಪ್ಪಯ್ಯನನ್ನು ಗೋಣಿಚೀಲದ ಮೇಲೆ ಕೂರಿಸಿ ಗಾಳಿ ಹಾಕಿದವರು ಅವರೇ ಎಂದು ನನಗೆ ಆಮೇಲೆ ಗೊತ್ತಾಯಿತು. ಮನೆಗೆ ಹೋಗಿ ಮಗಳಿಗೆ ಹೇಳಿ ಎಂದು ಬಸ್ಸು ಹತ್ತಿಸಿದವರೂ ಅವರೇ. ಮನೆಗೆ ಬಂದು ಅಪ್ಪಯ್ಯ ಹೇಳಿದ್ದರು. ನಾನು ಒಂದು ವಾಕ್ಯ ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಅವರ ಕೈಯಿಂದ ವಾಚು ತೆಗೆದುಕೊಂಡೆ, ಅದು ಇನ್ನೂ ಬೆಚ್ಚಗಿತ್ತು. ಅವರು ತಲೆ ತಗ್ಗಿಸಿ ಮೆಟ್ಟಿಲಿನ ಕಡೆ ಹೋದರು.

ಸಂಜೆ ಐದು ನಿಮಿಷ ಒಬ್ಬರನ್ನು ಒಳಗೆ ಬಿಟ್ಟರು. ಅಮ್ಮ ನನ್ನನ್ನು ಕಳಿಸಿದಳು. ಅಪ್ಪಯ್ಯನ ಬೆರಳಿಗೆ, ಎದೆಗೆ ತಂತಿಗಳಿದ್ದವು. ಆಮ್ಲಜನಕದ ಮುಖವಾಡ ಒಂದಿಷ್ಟು ಸರಿಸಿ ಅವರು ಕೇಳಿದರು.

"ಫೋನ್ ಎಂತ ಹೇಳುತ್?"

ಅದು ಹಾಸ್ಯ. ಕಣ್ಣಿನ ಮೂಲೆಯಲ್ಲಿ ಅದು ಕಾಣುತ್ತಿತ್ತು.

"ತಂದಿಲ್ಲ" ಎಂದೆ. "ಯಾಕೆ ಹೇಳಲಿಲ್ಲ ಅಪ್ಪಯ್ಯ?" ಎಂದು ಕೇಳಿದೆ.

"ನೀ ಅಷ್ಟ್ ಓದಿ, ಪಟ್ಟಿ ಮಾಡಿ ತಂದದ್ದಲ್ದಾ" ಎಂದರು. ಉಸಿರು ಸಾಲದೆ ನಿಲ್ಲಿಸಿ ಮತ್ತೆ ಶುರುಮಾಡಿದರು. "ಒಳಗ್ ಕಟ್ಕಂಡ್ರೆ ಉಳಿದವ್ರಿಗ್ ಯಾವ್ ಬಾಯಲ್ ಹೇಳುದ್."

ದಾದಿ ಮುಖವಾಡ ಸರಿಮಾಡಿ ನನಗೆ ಹೊರಗೆ ಹೋಗಲು ಹೇಳಿದರು.

ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಅವರು ತೀರಿಕೊಂಡರು. ವೈದ್ಯೆ ಹೊರಗೆ ಬಂದು ಹೇಳುವಾಗ ಅಮ್ಮ ನೀರಿನ ಬಾಟಲಿ ತುಂಬಿಸಲು ಹೋಗಿದ್ದಳು, ಅವಳಿಗೆ ನಾನೇ ಹೇಳಬೇಕಾಯಿತು. ಊರಿನಿಂದ ಬರುವವರನ್ನು ಕಾಯುವುದು ಬೇಡವೆಂದು ಪಲ್ಲಾವರಂನಲ್ಲಿರುವ ಚಿಕ್ಕಪ್ಪ ತೀರ್ಮಾನಿಸಿದರು. ಸಂಜೆ ಬೆಳಕಿರುವಾಗಲೇ ವಿದ್ಯುತ್ ಚಿತಾಗಾರದಲ್ಲಿ ಎಲ್ಲ ಮುಗಿಯಿತು. ಹೋಟೆಲಿನವರೆಲ್ಲ ಬಂದಿದ್ದರು. ಮಾಮ ಗೇಟಿನ ಹೊರಗೆ, ಪಾರ್ಕಿಂಗಿನ ಹತ್ತಿರ ನಿಂತಿದ್ದರು. ಒಳಗೆ ಬರಲಿಲ್ಲ. ಚಿಕ್ಕಪ್ಪ, ಚಿಕ್ಕಮ್ಮ, ಅಮ್ಮನ ಕಡೆಯವರು ಎಲ್ಲರ ಬಾಯಲ್ಲೂ ಅಷ್ಟರಲ್ಲಿ ಅದೇ ಮಾತಿತ್ತು. ಅವನೊಬ್ಬ ಹೇಳಿದ್ದರೆ ಜೀವ ಉಳಿಯುತ್ತಿತ್ತು. ನಾನು ಕೇಳಿಸಿಕೊಂಡೆ. ಹೆಚ್ಚು ಮಾತಾಡದವಳು ಎಂದು ನನಗೆ ಮೊದಲಿನಿಂದಲೂ ಹೆಸರಿದೆ, ಆದ್ದರಿಂದ ನನ್ನ ಮೌನ ಯಾರಿಗೂ ವಿಚಿತ್ರವೆನಿಸಲಿಲ್ಲ.

ವಾಚು ಈಗಲೂ ಇದೆ. ಗಾಜಿನ ಮೇಲೆ ಒಂದು ಗೀರಿಲ್ಲ. ಚಾರ್ಜು ಮಾಡಿದರೆ ಮೊದಲಿನಷ್ಟೇ ಹೊತ್ತು ಬರುತ್ತದೆ. ಪ್ರಯೋಗಾಲಯದಲ್ಲಿ ಯಾರಾದರೂ ಇಂಥದ್ದು ಬಾಳಿಕೆ ಬರುತ್ತದೆಯೇ ಎಂದು ಕೇಳಿದರೆ ಬರುತ್ತದೆ ಎನ್ನುತ್ತೇನೆ, ಅದು ನಿಜ. ಕೊಟ್ಟ ಲೆಕ್ಕವೂ ಸರಿಯೇ ಇತ್ತು. ಐದು ತಿಂಗಳಲ್ಲಿ ಅದು ಒಂದು ಬಡಿತವನ್ನೂ ತಪ್ಪಾಗಿ ಎಣಿಸಿರಲಾರದು. ಕೊಳ್ಳಬಹುದೇ ಎಂದು ಕೇಳಿದರೆ ಮಾತ್ರ ಯಾರಿಗಾಗಿ ಎಂದು ಕೇಳುತ್ತೇನೆ. ತನಗಾಗಿ ಎಂದರೆ ಹೂಂ ಎನ್ನುತ್ತೇನೆ. ಮನೆಯವರಿಗಾಗಿ ಎಂದರೆ ಮೊದಲು ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ಹೇಳುತ್ತೇನೆ. ಕೆಲವರಿಗೆ ಅದು ಒರಟು ಮಾತೆನಿಸುತ್ತದೆ.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ದಹನದ ಮರುದಿನ ಬೆಳಿಗ್ಗೆ ಏಳಕ್ಕೆ ಹೋಟೆಲಿನಿಂದ ತಿಂಡಿ ಬಂತು, ಎರಡು ದೊಡ್ಡ ಕ್ಯಾರಿಯರಿನಲ್ಲಿ ಇಡ್ಲಿ, ಫ್ಲಾಸ್ಕಿನಲ್ಲಿ ಕಾಫಿ. ತಂದವರು ಮಾಮ. ಬಾಗಿಲ ಹೊರಗೆ, ಚಪ್ಪಲಿಗಳ ಪಕ್ಕದಲ್ಲಿ ಅವನ್ನು ಇಟ್ಟು ಎರಡು ಮೆಟ್ಟಿಲು ಇಳಿದು ನಿಂತಿದ್ದರು. ಚಿಕ್ಕಪ್ಪ ಕ್ಯಾರಿಯರ್ ಎತ್ತಿಕೊಳ್ಳಲು ಬಗ್ಗಿದಾಗ ಅಮ್ಮ ಒಳಗಿನಿಂದ, "ಅವ್ರ್ ತಂದದ್ ನಂಗ್ ಬ್ಯಾಡ" ಎಂದಳು.

ನಾನು ಅಮ್ಮನ ಎದುರಿಗೆ ಹೋಗಿ ನೆಲದ ಮೇಲೆ ಕುಳಿತೆ. ಚಿಕ್ಕಪ್ಪ, ಚಿಕ್ಕಮ್ಮ ಎಲ್ಲರೂ ಇದ್ದರು. ಬಾಗಿಲು ತೆರೆದೇ ಇತ್ತು.

"ಅಪ್ಪಯ್ಯ ಹೇಳಿದ್ದರು" ಎಂದೆ. "ಮೂರು ವಾರದ ಹಿಂದೆ, ಮಂಗಳವಾರ. ಎದೆ ಉರಿಯುತ್ತಿದೆ, ಬೆವರು ಬಂತು ಎಂದು ನನಗೆ ಹೇಳಿದರು. ನೀನು ಬಟ್ಟೆ ಒಗೆಯಲು ಹೋಗಿದ್ದೆ. ನಾನು ಫೋನು ನೋಡಿ ಗ್ಯಾಸು ಎಂದೆ. ನಿನಗೆ ಹೊಟ್ಟೆನೋವು ಎಂದು ಹೇಳಿದೆ. ಅವರನ್ನು ಮನೆಗೆ ಕಳಿಸಿದ್ದು ಮಾಮ. ಆಸ್ಪತ್ರೆಗೆ ಕರೆದುಕೊಂಡು ಹೋಗದೆ ಇದ್ದದ್ದು ನಾನು."

ಅಮ್ಮ ನನ್ನ ಮುಖ ನೋಡಿದಳು. ಅಮ್ಮ ಅಳಲೂ ಇಲ್ಲ, ಬಯ್ಯಲೂ ಇಲ್ಲ. ಗೋಡೆಯ ಕಡೆ ತಿರುಗಿ ಕುಳಿತಳು. ಅಂದಿನಿಂದ ಬಹಳ ದಿನ ಅವಳು ನನ್ನೊಡನೆ ಅಗತ್ಯವಿದ್ದಷ್ಟೇ ಮಾತಾಡಿದಳು.

ನಾನು ಎದ್ದು ಹೊರಗೆ ಹೋದೆ. ಮಾಮ ಇಳಿದು ಹೋಗಿರಲಿಲ್ಲ, ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಎಂತಕ್ ಹೇಳ್ದೆ ಮಗಾ" ಎಂದರು ಮೆಲ್ಲಗೆ. "ನಾನ್ ಹೊತ್ಕಂತಿದ್ದೆ."

ಕ್ಯಾರಿಯರನ್ನೂ ಫ್ಲಾಸ್ಕನ್ನೂ ಒಳಗೆ ತಂದೆ. ಎಲೆಗಳನ್ನು ಹಾಕಿ ಇಡ್ಲಿ ಬಡಿಸಿದೆ. ಮೊದಲು ಅಮ್ಮನಿಗೆ ಇಟ್ಟೆ, ಅವಳು ಮುಟ್ಟಲಿಲ್ಲ. ಆಮೇಲೆ ಒಂದೆಲೆ ಹೆಚ್ಚಿಗೆ ಹಾಕಿ, ಬಾಗಿಲಿಗೆ ಹೋಗಿ ಮಾಮನನ್ನು ಒಳಗೆ ಕರೆದೆ.